ಅರ್ಧ ಕಿಲೋ ರಂಜಕದ ಲೆಕ್ಕ

ಸ್ವೀಡನ್ನಿನಲ್ಲಿ ಒಂದು ಹೆಕ್ಟೇರು ಹೊಲದಿಂದ ವರ್ಷಕ್ಕೆ ನೀರಿನ ಜೊತೆ ಹರಿದುಹೋಗುವ ರಂಜಕ ಸರಾಸರಿ ಅರ್ಧ ಕಿಲೋ ಆಸುಪಾಸು. ಎರಡೂವರೆ ಕಿಲೋ ಡಿಎಪಿಯಲ್ಲಿ ಇರುವಷ್ಟು. ಅಷ್ಟು ಹೋದದ್ದು ಬೆಳೆಗೂ ಗೊತ್ತಾಗುವುದಿಲ್ಲ, ರೈತನ ಜೇಬಿಗೂ ಗೊತ್ತಾಗುವುದಿಲ್ಲ. ನೀರಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕಿಲೋ ರಂಜಕ ಸಿಕ್ಕರೆ ಒಣತೂಕದಲ್ಲೇ ಸುಮಾರು ನೂರು ಕಿಲೋ ಪಾಚಿ ಬೆಳೆಯಬಲ್ಲದು.

ರಾಯಚೂರಿನಲ್ಲಿ ಕೃಷಿ ಓದುವಾಗ ಯಾವ ಬೆಳೆಗೆ ಎಷ್ಟು ಗೊಬ್ಬರ ಕೊಡಬೇಕೆಂಬುದನ್ನು ಬಾಯಿಪಾಠ ಮಾಡಿದ್ದೆ. ಕೊಟ್ಟ ಮೇಲೆ ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬ ಪಾಠ ನಡೆದದ್ದು ಓಸ್ತರ್‌ಯೋಟ್‌ಲಾಂಡ್ ಪ್ರಾಂತ್ಯದ ಬಸಿಗಾಲುವೆಗಳಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನೀರಿನ ಮಾದರಿ ಹಿಡಿಯುವ ಕೆಲಸದಲ್ಲಿ. ಇಲ್ಲಿನದು ಜಿಗುಟು ಮಣ್ಣಿನ ಬಯಲು, ಗೋಧಿ, ಬಾರ್ಲಿ, ಎಣ್ಣೆಬೀಜದ ಸೀಮೆ. ಹೊಲದಡಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಕೊಳವೆಗಳನ್ನು ಹೂತಿರುತ್ತಾರೆ. ಸವಳು ಬಿದ್ದ ಗದ್ದೆ ಸರಿಮಾಡಲು ನಮ್ಮ ಗಂಗಾವತಿ ಕಡೆಯೂ ಇಂಥ ಕೊಳವೆ ಹಾಕಿದ್ದಾರೆ. ಇಲ್ಲಿ ಹಾಕದಿದ್ದರೆ ವಸಂತದಲ್ಲಿ ಟ್ರ್ಯಾಕ್ಟರ್ ಇಳಿಯುವುದೇ ಇಲ್ಲ.

ಹಿಮ ಕರಗುವ ಮಾರ್ಚ್ ತಿಂಗಳಲ್ಲಿ ಆ ಕೊಳವೆಯ ಬಾಯಿಗೆ ಬಾಟಲಿ ಹಿಡಿದರೆ ಬರುವುದು ತಿಳಿನೀರಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣದ ನೀರು. ಬಾಟಲಿಯನ್ನು ಇಡೀ ದಿನ ಅಲುಗಾಡಿಸದೆ ಇಟ್ಟರೂ ತಳಕ್ಕೆ ಕೂರದಷ್ಟು ಸಣ್ಣ ಮಣ್ಣು. ರಂಜಕದ ಬಹುಪಾಲು ಆ ಕಣಗಳಿಗೇ ಅಂಟಿಕೊಂಡಿರುತ್ತದೆ. ಜುಲೈಯಲ್ಲಿ ಅದೇ ಕೊಳವೆ ಒಣಗಿ ಜೇಡ ಬಲೆ ಕಟ್ಟಿರುತ್ತದೆ. ವರ್ಷದ ಸೋರಿಕೆಯಲ್ಲಿ ಹೆಚ್ಚಿನ ಪಾಲು ಕೆಲವೇ ದಿನಗಳ ಮಳೆಯಲ್ಲಿ, ಹಿಮ ಕರಗುವಾಗ, ಅದೂ ಹೊಲದ ಕೆಲವೇ ಮೂಲೆಗಳಿಂದ ಆಗಿಬಿಡುತ್ತದೆ. ಈ ಕೆಲಸ ನನಗೆ ಕಲಿಸಿದ ಮೊದಲ ಪಾಠ ಇದು: ರೈತ ಎಷ್ಟು ಹಾಕಿದ ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಯಾವಾಗ ಹಾಕಿದ, ನೀರು ಎಲ್ಲಿ ನಿಲ್ಲುತ್ತದೆ ಎಂದೂ ಕೇಳಬೇಕು.

ನಮ್ಮ ಕಾಲುವೆಗಳ ನೀರು ಸ್ಟೂರೋನ್ ಹೊಳೆ ಸೇರಿ, ಸೋದರ್‌ಶೋಪಿಂಗ್ ಪಟ್ಟಣ ದಾಟಿ, ಸ್ಲೆಟ್‌ಬಾಕೆನ್ ಎಂಬ ಕೊಲ್ಲಿಗೆ ಬೀಳುತ್ತದೆ. ಆ ಕೊಲ್ಲಿಯ ಬಾಯಲ್ಲಿ ತಳ ಎತ್ತರಕ್ಕಿದೆ, ಹಾಗಾಗಿ ಒಳಗಿನ ನೀರು ಸುಲಭಕ್ಕೆ ಹೊರಗೆ ಹೋಗದು. ಬಾಲ್ಟಿಕ್ ಸಮುದ್ರದ ಕತೆಯೂ ಇದೇ, ದೊಡ್ಡ ಪ್ರಮಾಣದಲ್ಲಿ ಅಷ್ಟೇ. ಡೆನ್ಮಾರ್ಕಿನ ಕಿರಿದಾದ ಜಲಸಂಧಿಗಳ ಹೊರತು ಅದಕ್ಕೆ ಬೇರೆ ಬಾಗಿಲಿಲ್ಲ. ನೀರು ಪೂರ್ತಿ ಬದಲಾಗಲು ಸುಮಾರು 30 ವರ್ಷ ಬೇಕು. ಸುತ್ತ ಒಂಬತ್ತು ದೇಶ, ಅದಕ್ಕೆ ನೀರು ಹರಿಸುವ ನೆಲದಲ್ಲಿ ಎಂಟು ಕೋಟಿಗೂ ಮಿಕ್ಕಿ ಜನ.

ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಆಳದಲ್ಲಿರುವುದು ಉಪ್ಪು ಹೆಚ್ಚಿನ ಭಾರದ ನೀರು, ಮೇಲಿನ ಹಗುರ ನೀರು ಅದರೊಂದಿಗೆ ಬೆರೆಯದು, ಆದ್ದರಿಂದ ಹೊಸ ಗಾಳಿ ಕೆಳಗಿಳಿಯದು. ಕಾಡ್ ಮೀನಿನ ಮೊಟ್ಟೆ ತೇಲಿ ಉಳಿಯಲು ಆ ಉಪ್ಪುನೀರೇ ಬೇಕು, ಉಸಿರಾಡಲು ಗಾಳಿಯೇ ಇಲ್ಲ. ಮಿತಿಮೀರಿ ಹಿಡಿದದ್ದೂ ಸೇರಿ, ಪೂರ್ವ ಬಾಲ್ಟಿಕ್‌ನ ಕಾಡ್ ಎಷ್ಟು ಕುಸಿಯಿತೆಂದರೆ 2019ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಆಮ್ಲಜನಕ ಇದ್ದಾಗ ತಳದ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಮ್ಲಜನಕ ಹೋಯಿತೋ, ಕೈಬಿಡುತ್ತದೆ. ನಲವತ್ತು ವರ್ಷದ ಹಿಂದೆ ಯಾವುದೋ ಹೊಲದಿಂದ, ಯಾವುದೋ ಊರಿನ ಚರಂಡಿಯಿಂದ ಬಂದ ರಂಜಕ ಮತ್ತೆ ಮೇಲೆದ್ದು ಈ ಬೇಸಿಗೆಯ ಪಾಚಿಗೆ ಊಟವಾಗುತ್ತದೆ. ಇಲ್ಲಿ ಹಬ್ಬುವ ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳಿಗೆ ಸಾರಜನಕವನ್ನು ನಾವು ಕೊಡಬೇಕೆಂದೂ ಇಲ್ಲ, ಗಾಳಿಯಿಂದ ತಾವೇ ಹೀರಿಕೊಳ್ಳುತ್ತವೆ. ಜುಲೈ ಬಂತೆಂದರೆ ದಡದಲ್ಲಿ ಹಳದಿ ಬಣ್ಣ ಸುರಿದಂತೆ ಕೆನೆಗಟ್ಟುತ್ತದೆ. ಆ ನೀರು ಕುಡಿದು ನಾಯಿಗಳು ಸತ್ತದ್ದುಂಟು.

ಹಾಗೆಂದು ಸ್ವೀಡನ್ ಕೈಕಟ್ಟಿ ಕೂತಿಲ್ಲ. ಊರುಗಳ ಕೊಳಚೆಯಿಂದ ರಂಜಕ ತೆಗೆಯುವ ಕೆಲಸ ಎಪ್ಪತ್ತರ ದಶಕದಲ್ಲೇ ದೊಡ್ಡದಾಗಿ ನಡೆಯಿತು. ಕೊಳಚೆಗೆ ಒಂದು ಕೊಳವೆ, ಒಂದು ಸ್ಥಾವರ ಸಾಕು. ಹೊಲಕ್ಕೆ ಅಂಥ ಒಂದೇ ಬಾಯಿ ಎಲ್ಲಿದೆ? 1984ರಿಂದ 2009ರ ಕೊನೆಯವರೆಗೆ ರಸಗೊಬ್ಬರಕ್ಕೆ ತೆರಿಗೆ ಹಾಕಿ ನೋಡಿದರು, ಆಮೇಲೆ ಅದನ್ನು ತೆಗೆದರು. ತೆಗೆದದ್ದು ಸರಿಯಲ್ಲವೆಂದೇ ನನ್ನ ಎಣಿಕೆ. 2001ರಲ್ಲಿ ಶುರುವಾದ ‘ಗ್ರೆಪ್ಪಾ ನೇರಿಂಗೆನ್’ ಯೋಜನೆ ಮಾತ್ರ ಗಟ್ಟಿಯಾಗಿ ನಿಂತಿದೆ. ಸಲಹೆಗಾರ ಹೊಲಕ್ಕೇ ಬಂದು, ರೈತನ ಜೊತೆ ಕೂತು, ಪುಕ್ಕಟೆಯಾಗಿ ಗೊಬ್ಬರದ ಲೆಕ್ಕ ಹಾಕಿಕೊಡುತ್ತಾನೆ. ಜಿಗುಟು ಮಣ್ಣಿಗೆ ಸುಣ್ಣ ಬೆರೆಸಿ ಕಣ ಕಟ್ಟಿಸುವುದು, ಬಸಿಗಾಲುವೆಯ ಕೊನೆಗೆ ಸಣ್ಣ ಹೊಂಡ ತೋಡಿ ಮಣ್ಣು ಕೂರಿಸುವುದು, ಚಳಿಗಾಲದಲ್ಲಿ ನೆಲ ಬರಿದಾಗದಂತೆ ಹುಲ್ಲು ಬಿತ್ತುವುದು, ಇವೆಲ್ಲ ನಡೆಯುತ್ತಿವೆ. ಕೊಟ್ಟಿಗೆ ಗೊಬ್ಬರದ ರಂಜಕ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 22 ಕಿಲೋ ಮೀರುವಂತಿಲ್ಲ.

ಹೊಂಡ ತೋಡಿಸಿದ ಒಬ್ಬ ವಯಸ್ಸಾದ ರೈತ ಕಾಫಿ ಕೊಟ್ಟು ಕೇಳಿದ್ದ: ‘ಇಷ್ಟೆಲ್ಲ ಮಾಡಿದೆವಲ್ಲ, ಸಮುದ್ರ ಸುಧಾರಿಸಿತಾ?’ ಸಮುದ್ರದ ಲೆಕ್ಕ ಅವನ ಮೊಮ್ಮಕ್ಕಳ ಕಾಲಕ್ಕೆ ಸರಿಹೋಗಬಹುದು ಎಂದೆ. ‘ಹಾಗಾದರೆ ನನಗೆ ಹೊಂಡದ ಲೆಕ್ಕ ಹೇಳು’ ಎಂದ. ಹೊಂಡದಲ್ಲಿ ಕೂತ ಹೂಳಿನ ಲೆಕ್ಕ ಹೇಳಿದೆ, ಅದು ಅವನಿಗೆ ಹಿಡಿಸಿತು. ತನ್ನದೇ ಹೊಲದ ಮಣ್ಣು ಹೋಗುತ್ತಿದೆ ಎಂದರೆ ಯಾವ ರೈತನೂ ಕಿವಿಗೊಡುತ್ತಾನೆ. ಅಲ್ಲಿಂದ ಮುಂದೆ ಯಾವ ಹೊಲಕ್ಕೆ ಹೋದರೂ ನಾನು ಸಮುದ್ರದಿಂದ ಮಾತು ಶುರುಮಾಡುವುದಿಲ್ಲ.

ಗಂಗಾವತಿಯಲ್ಲಿ ಅಣ್ಣನದು ಎಡದಂಡೆ ಕಾಲುವೆಯ ಭತ್ತದ ಗದ್ದೆ. ತುಂಗಭದ್ರಾ ಜಲಾಶಯದ ನೀರು ಹಸಿರಾದಾಗಲೆಲ್ಲ ಅದೇ ನೀರು ಅವನ ಕಾಲುವೆಗೆ ಬರುತ್ತದೆ. ಅವನ ಗದ್ದೆಯ ಬಸಿನೀರು ಕೆಳಗಿನವರಿಗೆ ಹೋಗುತ್ತದೆ. 45 ಕಿಲೋ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವಾಗ ಯಾರು ಕೈ ಬಿಗಿ ಹಿಡಿಯುತ್ತಾರೆ?

‘ಬಾಜೂ ಹೊಲದವ ಮತ್ತೊಂದು ಚೀಲ ಒಗದಾನ. ನಾ ಬಿಟ್ರ ನನ್ನ ಬೆಳಿ ಅಷ್ಟ ಹಳದಿ ಕಾಣತದಲ್ಲೋ ತಮ್ಮಾ. ಊರ ಮಂದಿ ಏನಂತಾರ?’ ಎಂದ ಫೋನಿನಲ್ಲಿ.

ಬಾಲ್ಟಿಕ್ ಕತೆ ಹೇಳಲಿಲ್ಲ. ನಿನ್ನ ಮಣ್ಣಿನ ಕಾರ್ಡಿನಲ್ಲಿ ರಂಜಕ ಎಷ್ಟಿದೆ ಓದು ಎಂದೆ. ಹೆಚ್ಚು ಎಂದೇ ಬರೆದಿತ್ತು. ದಂಡೆಯ ಪಕ್ಕದ ಒಂದು ಮಡಿಗೆ ಈ ಹಂಗಾಮಿನಲ್ಲಿ ಡಿಎಪಿ ಬಿಟ್ಟು ನೋಡು, ಯೂರಿಯಾವನ್ನು ಗದ್ದೆಯ ನೀರು ಬಸಿದ ಮೇಲೆ ಹಾಕಿ ಎರಡು ಮೂರು ದಿನ ಮಡೆ ಬಿಚ್ಚಬೇಡ ಎಂದೆ. ಒಪ್ಪಿದ, ಆದರೆ ಷರತ್ತು ಹಾಕಿ: ಇಳುವರಿ ಕಮ್ಮಿಯಾದರೆ ನಾನು ಕ್ರೋನಾದಲ್ಲಿ ನಷ್ಟ ತುಂಬಿಕೊಡಬೇಕಂತೆ, ಭತ್ತದ ದರ ಮಾತ್ರ ಅವನು ಹೇಳಿದ್ದೇ.