ಒರೆಗಲ್ಲಾದ ಮೀನು

1957ರಲ್ಲಿ ಪಶ್ಚಿಮ ಜರ್ಮನಿಯ ಔಷಧದ ಅಂಗಡಿಗಳಿಗೆ ಹೊಸದೊಂದು ನಿದ್ರೆಯ ಗುಳಿಗೆ ಬಂದಿತು. ಅದರಲ್ಲಿದ್ದ ರಾಸಾಯನಿಕದ ಹೆಸರು ಥಾಲಿಡೋಮೈಡ್. ಇಲಿಗಳಿಗೆ ಎಷ್ಟು ತಿನ್ನಿಸಿದರೂ ಅವು ಸಾಯಲಿಲ್ಲ. ಆದುದರಿಂದ ಇದರಷ್ಟು ನಿರಪಾಯಕರವಾದ ಮದ್ದು ಬೇರೊಂದಿಲ್ಲವೆಂದು ತಯಾರಕರು ಸಾರಿದರು. ಗರ್ಭಿಣಿಯರು ಮುಂಜಾನೆಯ ವಾಕರಿಕೆಯನ್ನು ಕಳೆದುಕೊಳ್ಳಲು ಅದನ್ನು ಸೇವಿಸತೊಡಗಿದರು. ಕೆಲಕಾಲದಲ್ಲಿಯೇ ತೋಳುಗಳಿಲ್ಲದ, ಹೆಗಲಿನಿಂದ ನೇರವಾಗಿ ಅಂಗೈ ಮಾತ್ರ ಮೂಡಿದ ಕೂಸುಗಳು ಹುಟ್ಟತೊಡಗಿದವು. 1961ರ ನವೆಂಬರಿನಲ್ಲಿ ಹ್ಯಾಂಬರ್ಗಿನ ಮಕ್ಕಳ ವೈದ್ಯರಾದ ವಿಡುಕಿಂಡ್ ಲೆಂಟ್ಸ್ ಅವರು ಈ ಅನಾಹುತಕ್ಕೂ ಆ ಗುಳಿಗೆಗೂ ಇರುವ ನಂಟನ್ನು ಬಯಲಿಗೆಳೆದರು. ಆ ತಿಂಗಳು ಕಳೆಯುವುದರೊಳಗೆ ಜರ್ಮನಿಯಲ್ಲಿ ಗುಳಿಗೆಯ ಮಾರಾಟ ನಿಂತಿತು. ಆದರೆ ಅದರ ಫಲವಾಗಿ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು.

ಇಲ್ಲಿ ತಪ್ಪು ಇಲಿಯದಲ್ಲ. ಬೆಳೆಯುತ್ತಿರುವ ಭ್ರೂಣದ ಮೇಲೆ ಮದ್ದಿನ ಪರಿಣಾಮವೇನೆಂಬ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಿರಲೇ ಇಲ್ಲ. ಕೇಳುವುದು ಸುಲಭವೂ ಆಗಿರಲಿಲ್ಲವೆನ್ನಬೇಕು. ಒಂದು ರಾಸಾಯನಿಕವು ಇನ್ನೊಂದರೊಡನೆ ಹೇಗೆ ಕೂಡುವುದೆಂಬುದನ್ನು ಪ್ರನಾಳದಲ್ಲಿ ನೋಡಬಹುದು. ಅದರಿಂದ ಜೀವಕೋಶ ಸಾಯುವುದೋ ಉಳಿಯುವುದೋ ಎಂಬುದನ್ನು ಗಾಜಿನ ಬಟ್ಟಲಿನಲ್ಲಿ ಅರಿಯಬಹುದು. ಆದರೆ ಹೃದಯ, ಮಿದುಳು, ರಕ್ತ, ಆಗತಾನೆ ಚಿಗುರುತ್ತಿರುವ ಅವಯವಗಳು ಇವೆಲ್ಲ ಒಂದನ್ನೊಂದು ಅವಲಂಬಿಸಿರುವ ಶರೀರದಲ್ಲಿ ಅದು ಏನು ಮಾಡೀತೆಂಬುದನ್ನು ಇಡಿಯ ಶರೀರವೇ ಹೇಳಬೇಕು. ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಇಲಿಗಳ ಮೇಲೆ ಹೀಗೆ ಪರೀಕ್ಷಿಸಲು ಹೊರಟರೆ ಹಣವೂ ಸಾಲದು, ಆಯುಷ್ಯವೂ ಸಾಲದು.

ಈ ಇಕ್ಕಟ್ಟಿನಲ್ಲಿ ವಿಜ್ಞಾನಿಗಳ ನೆರವಿಗೆ ಒದಗಿದುದು ಭಾರತ ಮತ್ತು ಅದರ ನೆರೆನಾಡುಗಳ ಹಳ್ಳ, ಹೊಂಡ, ಗದ್ದೆಗಳ ನೀರಿನಲ್ಲಿ ವಾಸಿಸುವ ಬೆರಳುದ್ದದ ಒಂದು ಮೀನು. ಮೈಮೇಲೆ ನೀಲಿಯ ಪಟ್ಟೆಗಳಿರುವುದರಿಂದ ಅದಕ್ಕೆ ಜೀಬ್ರಾ ಮೀನು ಎಂದು ಹೆಸರು. ಅದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಗಂಗಾನದಿಯ ಮೀನುಗಳನ್ನು ಕುರಿತು ಅವರು ಬರೆದ ಗ್ರಂಥ 1822ರಲ್ಲಿ ಪ್ರಕಟವಾಯಿತು. ಈ ಹ್ಯಾಮಿಲ್ಟನ್ ಕನ್ನಡಿಗರಿಗೆ ಅಪರಿಚಿತರಲ್ಲ. ಟಿಪ್ಪು ಸುಲ್ತಾನನ ಪತನದ ತರುವಾಯ 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ, ಇಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ಬರೆದಿಟ್ಟ ಬುಕಾನನ್ ಅವರೇ ಇವರು. ಹ್ಯಾಮಿಲ್ಟನ್ ಎಂಬುದು ಅವರು ಆಮೇಲೆ ತಳೆದ ಹೆಸರು.

ಗಂಗೆಯ ಮೀನು ಪ್ರಯೋಗಶಾಲೆಯಲ್ಲಿ ಹೆಸರಾಗಲು ಮತ್ತೆ ಒಂದೂವರೆ ಶತಮಾನ ಹಿಡಿಯಿತು. ಅಮೆರಿಕೆಯ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅವರು ಆನುವಂಶಿಕತೆಯ ಅಧ್ಯಯನಕ್ಕೆ ತಕ್ಕ ಪ್ರಾಣಿಯೆಂದು ಇದನ್ನು ಆರಿಸಿಕೊಂಡು, 1981ರಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಇದರ ಗುಣಗಳಾದರೂ ಎಂತಹವು! ಒಂದು ಹೆಣ್ಣು ಒಂದೇ ಬಾರಿಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ಬೆಳೆಯುವುದು ತಾಯಿಯ ಹೊಟ್ಟೆಯಲ್ಲಲ್ಲ, ಹೊರಗಿನ ನೀರಿನಲ್ಲಿ. ಅದರ ಭ್ರೂಣ ಗಾಜಿನಂತೆ ಪಾರದರ್ಶಕ. ಒಂದು ದಿನ ಕಳೆಯುವಷ್ಟರಲ್ಲಿ ಹೃದಯ ಮಿಡಿಯತೊಡಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಮಿಡಿತವನ್ನೂ ರಕ್ತದ ಹರಿವನ್ನೂ, ಕತ್ತಿಯ ಸೋಂಕಿಲ್ಲದೆ, ಕಣ್ಣಾರೆ ಕಾಣಬಹುದು. ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಮೀನಿಗೂ ಮನುಷ್ಯನಿಗೂ ಎತ್ತಣ ಸಂಬಂಧವೆಂದು ಯಾರಾದರೂ ಕೇಳಬಹುದು. ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಷ್ಟಕ್ಕೆ ಈ ಮೀನಿನಲ್ಲಿ ಸರಿಸಾಟಿಯಾದ ಜೀನುಗಳಿವೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ಥಾಲಿಡೋಮೈಡಿನ ಒಗಟನ್ನು ಬಿಡಿಸುವುದರಲ್ಲಿಯೂ ಈ ಮೀನು ನೆರವಾಯಿತು. 2010ರಲ್ಲಿ ಜಪಾನಿನ ಹಿರೋಶಿ ಹಂಡ ಮತ್ತು ಅವರ ಸಂಗಡಿಗರು ಆ ಮದ್ದನ್ನು ಬೆರೆಸಿದ ನೀರಿನಲ್ಲಿ ಭ್ರೂಣಗಳನ್ನು ಬೆಳೆಸಿದರು. ಮನುಷ್ಯನ ತೋಳಿಗೆ ಸಮಾನವೆನಿಸಿದ ಎದೆಯ ಈಜುರೆಕ್ಕೆಗಳು ಸರಿಯಾಗಿ ಬೆಳೆಯಲಿಲ್ಲ. ಮದ್ದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಈ ಕೇಡನ್ನು ಮಾಡುತ್ತದೆಂದು ಅವರು ಕಂಡುಕೊಂಡರು. ಮದ್ದು ಅಂಟದಂತೆ ಮಾರ್ಪಡಿಸಿದ ಸೆರೆಬ್ಲಾನನ್ನು ಭ್ರೂಣದಲ್ಲಿ ಉಂಟುಮಾಡಿದಾಗ ಈಜುರೆಕ್ಕೆಗಳು ಬೆಳೆದವು. ಅನಾಹುತ ನಡೆದು ಅರ್ಧ ಶತಮಾನವಾದ ಮೇಲೆ ಅದರ ಕಾರಣ ತಿಳಿದಂತಾಯಿತು.

ಅನೇಕ ರಾಸಾಯನಿಕಗಳನ್ನು ಈ ಮೀನಿನ ಮೇಲೆ ಸಾಲಾಗಿ ಪರೀಕ್ಷಿಸುವ ಮಾರ್ಗವನ್ನು 2000ದಲ್ಲಿ ತೋರಿಸಿಕೊಟ್ಟವರು ಅಮೆರಿಕೆಯ ರಾಂಡಲ್ ಪೀಟರ್ಸನ್ ಮತ್ತು ಅವರ ಸಹೋದ್ಯೋಗಿಗಳು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಫಲಕ; ಅದರಲ್ಲಿ ಅಳಗುಳಿ ಮಣೆಯಲ್ಲಿರುವಂತೆ ಗುಳಿಗಳು, ಹನ್ನೆರಡರಂತೆ ಎಂಟು ಸಾಲು, ಒಟ್ಟು 96. ಒಂದೊಂದು ಗುಳಿಯಲ್ಲಿ ತುಸು ನೀರು, ಕೆಲವು ಭ್ರೂಣಗಳು, ಒಂದೊಂದು ಬಗೆಯ ರಾಸಾಯನಿಕ. ಯಾವುದರಲ್ಲಿ ಹೃದಯ ಕುಂದಿತು, ಯಾವುದರಲ್ಲಿ ಕಿವಿ ಮೂಡಲಿಲ್ಲ ಎಂದು ನೋಡುತ್ತ ಹೋಗುವುದೇ ಪರೀಕ್ಷೆ. 2007ರಲ್ಲಿ ಬಾಸ್ಟನ್ನಿನ ಲೆನರ್ಡ್ ಜಾನ್ ಅವರ ತಂಡವು ಸುಮಾರು 2,500 ರಾಸಾಯನಿಕಗಳನ್ನು ಹೀಗೆ ಶೋಧಿಸಿ, ರಕ್ತವನ್ನು ಹುಟ್ಟಿಸುವ ಮೂಲಕೋಶಗಳನ್ನು ವೃದ್ಧಿಗೊಳಿಸುವ ಒಂದು ವಸ್ತುವನ್ನು ಗುರುತಿಸಿತು. ಅದರ ಒಂದು ರೂಪವನ್ನು ರಕ್ತದ ಕ್ಯಾನ್ಸರಿನ ರೋಗಿಗಳ ಚಿಕಿತ್ಸೆಯಲ್ಲಿಯೂ ಪ್ರಯೋಗಿಸಿ ನೋಡಲಾಯಿತು.

ಆದರೆ ಮನುಷ್ಯನ ಕಣ್ಣಿಗೆ ದಣಿವುಂಟು. ನೂರನೆಯ ಭ್ರೂಣವನ್ನು ನೋಡುವ ಎಚ್ಚರ ಸಾವಿರದನೆಯದನ್ನು ನೋಡುವಾಗ ಉಳಿಯುವುದಿಲ್ಲ. ಈ ಕಾರಣದಿಂದ ನೋಡುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಲಾಯಿತು. ಯಂತ್ರದ ಕೈ ಗುಳಿಗಳಿಗೆ ಮದ್ದನ್ನು ಹನಿಸುತ್ತದೆ. ಕ್ಯಾಮೆರಾ ಎವೆಯಿಕ್ಕದೆ ನೋಡುತ್ತದೆ. ಗಣಕಯಂತ್ರವು ಪ್ರತಿಯೊಂದು ಮರಿಯೂ ಎಷ್ಟು ದೂರ ಈಜಿತು, ಎಷ್ಟು ಬಾರಿ ಬೆಚ್ಚಿತು, ಅದರ ಹೃದಯ ನಿಮಿಷಕ್ಕೆ ಎಷ್ಟು ಸಲ ಮಿಡಿಯಿತು ಎಂಬ ಲೆಕ್ಕವನ್ನಿಡುತ್ತದೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೆಹ್ಮೆತ್ ಫಾತಿಹ್ ಯಾನಿಕ್ ಅವರ ತಂಡವು 2010ರಲ್ಲಿ ಪ್ರಕಟಿಸಿದ ಯಂತ್ರ ಇನ್ನೂ ಸೋಜಿಗದ್ದು. ಅದು ಮರಿಯನ್ನು ಕೊಳವೆಯ ಮೂಲಕ ಹೀರಿಕೊಂಡು ಕೂದಲಗೊಳವೆಯಂತಹ ಸಣ್ಣ ಗಾಜಿನ ನಳಿಗೆಯಲ್ಲಿ ನಿಲ್ಲಿಸುತ್ತದೆ. ನಳಿಗೆಯನ್ನು ಮೆಲ್ಲಗೆ ಉರುಳಿಸಿ, ಬೇಕಾದ ಮಗ್ಗುಲನ್ನು ಸೂಕ್ಷ್ಮದರ್ಶಕದ ಕಡೆಗೆ ತಿರುಗಿಸಿ, ಚಿತ್ರ ತೆಗೆದು, ಮರಿಯನ್ನು ಜೀವಸಹಿತ ಹೊರಗೆ ಬಿಡುತ್ತದೆ. ಇಷ್ಟಕ್ಕೂ ಹಿಡಿಯುವ ಕಾಲ ಇಪ್ಪತ್ತು ಸೆಕೆಂಡಿಗಿಂತ ಕಡಿಮೆ.

ಇದರಿಂದ ರೋಗಿಗಳಿಗೆ ಏನಾದರೂ ಪ್ರಯೋಜನವಾದೀತೆ? ಡ್ರಾವೆ ಎಂಬುದು ಹಸುಳೆಗಳಿಗೆ ಹುಟ್ಟಿದ ಮೊದಲ ವರ್ಷದಲ್ಲಿಯೇ ತಗಲುವ ಭೀಕರ ಮೂರ್ಛೆರೋಗ. ಸಾಮಾನ್ಯ ಔಷಧಗಳಿಗೆ ಅದು ಬಗ್ಗುವುದು ಕಷ್ಟ. ಒಂದು ಜೀನಿನ ದೋಷವೇ ಸಾಮಾನ್ಯವಾಗಿ ಅದರ ಮೂಲ. ಅಂತಹುದೇ ದೋಷವುಳ್ಳ ಜೀಬ್ರಾ ಮೀನಿನ ಮರಿಗಳೂ ಸೆಳವಿಗೊಳಗಾಗಿ ಗುಳಿಯಲ್ಲಿ ಸುತ್ತಿ ಸುತ್ತಿ ಹೊಯ್ದಾಡುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಸ್ಕಾಟ್ ಬರಾಬನ್ ಅವರ ತಂಡವು ಈ ಹೊಯ್ದಾಟವನ್ನು ಕ್ಯಾಮೆರಾದಿಂದ ಅಳೆಯುತ್ತ 320 ರಾಸಾಯನಿಕಗಳನ್ನು ಪರೀಕ್ಷಿಸಿತು. ಕ್ಲೆಮಿಜೋಲ್ ಎಂಬುದನ್ನು ಹನಿಸಿದ ಗುಳಿಗಳಲ್ಲಿ ಮರಿಗಳು ಶಾಂತವಾದವು. ಅದೇನೂ ಹೊಸ ಮದ್ದಲ್ಲ. 1950ರ ದಶಕದಲ್ಲಿ ಒಗ್ಗದಿಕೆಯ ತುರಿಕೆ, ನೆಗಡಿಗಳಿಗೆ ಕೊಡುತ್ತಿದ್ದ ಹಳೆಯ ಔಷಧ! ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆಮೇಲೆ ಡ್ರಾವೆ ರೋಗಿಗಳಲ್ಲಿಯೂ ಅದರ ಪರೀಕ್ಷೆ ಆರಂಭವಾಯಿತು.

ಹಾಗೆಂದು ಮೀನಿನ ಮಾತೇ ಕೊನೆಯ ಮಾತಲ್ಲ. ಅದಕ್ಕೆ ಶ್ವಾಸಕೋಶವಿಲ್ಲ. ನೀರಿನಲ್ಲಿ ಕರಗದ ಮದ್ದು ಅದರ ಮೈಯನ್ನು ಸೇರದೆ, ವಿಷವೂ ನಿರ್ವಿಷದಂತೆ ತೋರಬಹುದು. ಆದುದರಿಂದ ಮೀನು ಒಪ್ಪಿದ ಮದ್ದು ಮತ್ತೆ ಇಲಿ ಮೊದಲಾದ ಪ್ರಾಣಿಗಳ, ಕಡೆಗೆ ಮನುಷ್ಯರ ಪರೀಕ್ಷೆಯನ್ನು ದಾಟಲೇಬೇಕು. ಸಾವಿರಾರರಲ್ಲಿ ಯಾವ ಕೆಲವನ್ನು ಮುಂದಕ್ಕೆ ಒಯ್ಯಬೇಕೆಂದು ಜರಡಿ ಹಿಡಿಯುವುದಷ್ಟೇ ಅದರ ಕೆಲಸ.

ಮರಿಗಳ ಜೀವದ ಮಾತೂ ಇದೆ. ಒಂದು ಶೋಧನೆಯಲ್ಲಿ ಸಾವಿರಾರು ಮರಿಗಳು ಪ್ರಾಣ ಕಳೆದುಕೊಳ್ಳಬಹುದು. ಯಂತ್ರ ವೇಗವಾದಷ್ಟೂ ಈ ಸಂಖ್ಯೆ ಏರುತ್ತದೆ. ಪ್ರಯೋಗಪ್ರಾಣಿಗಳ ರಕ್ಷಣೆಗಾಗಿ ಯೂರೋಪಿನ ಒಕ್ಕೂಟವು 2010ರಲ್ಲಿ ಮಾಡಿದ ಶಾಸನವು ಮೀನಿನ ಮರಿಯನ್ನು, ಅದು ಸ್ವತಂತ್ರವಾಗಿ ಆಹಾರ ಹುಡುಕಿ ತಿನ್ನತೊಡಗಿದ ಮೇಲೆಯೇ, ರಕ್ಷಣೆಗೆ ಅರ್ಹವೆಂದು ಎಣಿಸುತ್ತದೆ. ಅಲ್ಲಿಯವರೆಗೆ ಮರಿಯು ಮೊಟ್ಟೆಯೊಳಗಿನಿಂದ ತಂದ ಬುತ್ತಿಯಿಂದಲೇ ಬದುಕುತ್ತದೆ. ಜೀಬ್ರಾ ಮೀನಿಗೆ ಈ ಅವಧಿ ಸುಮಾರು ಐದು ದಿನಗಳೆಂದು ಲೆಕ್ಕ. ಬಹುಪಾಲು ಪರೀಕ್ಷೆಗಳನ್ನು ಅಷ್ಟರೊಳಗೆ ಮುಗಿಸುವುದು ವಾಡಿಕೆ. ಆದರೆ ಐದು ದಿನ ತುಂಬದ ಮರಿಯೂ ಬಿಸಿ ನೀರು ತಾಗಿದರೆ ಬಾಲ ಬಡಿದು ದೂರ ಸರಿಯುತ್ತದೆ. ಅದು ಬರಿಯ ಪ್ರತಿಕ್ರಿಯೆಯೋ ಅಥವಾ ನೋವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.