ಕಲಿಸುವವರ ಓದು

ಉಪಾಧ್ಯಾಯಿನಿಯರಾಗಬಯಸುವ ವಿದ್ಯಾರ್ಥಿನಿಯರೇ,

ಕಡಬದ ಸುತ್ತಲಿನ ಅನೇಕ ಮಕ್ಕಳಿಗೆ ಮನೆಮಾತು ತುಳು ಇಲ್ಲವೆ ಮಲಯಾಳ. ಪುಸ್ತಕದ ಕನ್ನಡವನ್ನು ಅವರು ಮೊದಲು ಕೇಳುವುದು ಹೆಚ್ಚಾಗಿ ಉಪಾಧ್ಯಾಯಿನಿಯ ಬಾಯಿಂದಲೇ. ಆಕೆಗೆ ಓದಿನಲ್ಲಿ ರುಚಿಯಿಲ್ಲದಿದ್ದರೆ ಮಕ್ಕಳಿಗೆ ಆ ಭಾಷೆಯು ಬರಿಯ ಪರೀಕ್ಷೆಯ ವಿಷಯವಾಗಿಯೇ ಉಳಿದೀತು.

ನಮ್ಮ ಜಿಲ್ಲೆಯ ಪಂಜೆ ಮಂಗೇಶರಾಯರನ್ನು (1874–1937) ನೆನೆಯಿರಿ. ಅವರ ಮನೆಮಾತು ಕೊಂಕಣಿ. ವೃತ್ತಿ ಅಧ್ಯಾಪನ, ಅನಂತರ ಶಾಲೆಗಳ ತನಿಖೆ. ಮಕ್ಕಳ ನಾಲಗೆಗೆ ಒಗ್ಗುವ ಕನ್ನಡ ಹಾಡುಗಳು ವಿರಳವಾಗಿದ್ದ ಕಾಲದಲ್ಲಿ ಅವರು ತಾವೇ ಹಾಡುಗಳನ್ನೂ ಕತೆಗಳನ್ನೂ ರಚಿಸಿಕೊಟ್ಟರು. ಹೀಗೆ ಅವರ ಸ್ವಂತ ಅಭಿರುಚಿಯೇ ಮಕ್ಕಳಿಗೆ ಪಾಠವಾಯಿತು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಈ ಗುರುವಿನ ಕಾವ್ಯನಾಮವೋ ‘ಕವಿಶಿಷ್ಯ’!

ಆದುದರಿಂದ ನೀವೂ ಶಿಷ್ಯೆಯರಾಗಿಯೇ ಇರಿ. ದಿನಕ್ಕೆ ಅರ್ಧ ಘಂಟೆಯನ್ನಾದರೂ ಪಠ್ಯವಲ್ಲದ ಪುಸ್ತಕಕ್ಕೆ ಮೀಸಲಿಡಿರಿ. ನಮ್ಮ ಮಳೆಗಾಲದ ಸಂಜೆಗಳು ಇದಕ್ಕೆ ಬಹಳ ಅನುಕೂಲ. ತಿಳಿಯದ ಶಬ್ದವನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಹುಡುಕಿರಿ. ಅಲ್ಲಿ ಅರ್ಥದೊಡನೆ ಗಾದೆಗಳೂ ದೊರೆಯುವುವು. ಹಾಡು, ಹೊಲಿಗೆ, ಹೂದೋಟ, ಹಕ್ಕಿಗಳ ವೀಕ್ಷಣೆ, ಯಾವುದರಲ್ಲಿ ನಿಮಗೆ ಒಲವುಂಟೋ ಅದರ ಕುರಿತೂ ಓದಿರಿ. ಓದಿದ ಕತೆಯನ್ನು ಪುಸ್ತಕ ಮುಚ್ಚಿ ತಮ್ಮತಂಗಿಯರಿಗೆ ಹೇಳಿರಿ. ಅವರು ಆಕಳಿಸಿದರೆ ಹೇಳುವ ರೀತಿಯನ್ನು ತಿದ್ದಿಕೊಳ್ಳಿರಿ, “ಮುಂದೇನಾಯಿತಕ್ಕಾ?” ಎಂದು ಕೇಳಿದರೆ ನೀವು ಆಗಲೇ ಪಾಠ ಹೇಳಲು ತೊಡಗಿದಿರೆಂದು ತಿಳಿಯಿರಿ.