ಜಂಜಿಬಾರ್‌ನ ಕೆಥೆಡ್ರಲ್ ಮತ್ತು ಅದರ ಸುತ್ತಲಿನ ಬಂದರು ಪೇಟೆ

ಆಂಗ್ಲಿಕನ್ ಸಭೆ, ಸಭಾಪ್ರಾಂತ, ಕೆಥೆಡ್ರಲ್ ಎಂಬ ಮಾತುಗಳು ನಿಮಗೆ ಹೊಸವಾಗಿದ್ದರೆ ಚಿಂತೆ ಬೇಡ. ಮೊದಲು ಅವನ್ನೇ ತಿಳಿದುಕೊಳ್ಳೋಣ. 16ನೇ ಶತಮಾನದಲ್ಲಿ ರೋಮಿನ ಪೋಪರ ಅಧಿಕಾರದಿಂದ ಬೇರೆಯಾದ ಇಂಗ್ಲೆಂಡಿನ ಕ್ರೈಸ್ತ ಸಭೆಯನ್ನೂ ಅದರಿಂದ ನಾನಾ ದೇಶಗಳಲ್ಲಿ ಬೆಳೆದ ಸಭೆಗಳನ್ನೂ ಆಂಗ್ಲಿಕನ್ ಎನ್ನುತ್ತಾರೆ. ಒಬ್ಬ ಬಿಷಪರ ಮೇಲ್ವಿಚಾರಣೆಗೆ ಸೇರಿದ ಪ್ರದೇಶವೇ ಸಭಾಪ್ರಾಂತ. ಆ ಬಿಷಪರ ಪೀಠವಿರುವ ಮುಖ್ಯ ಚರ್ಚು ಕೆಥೆಡ್ರಲ್. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲನ್ನು ನೀವು ನೋಡಿರಬಹುದು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಳ್ಳುವವರೆಗೆ ಅದೂ ಆಂಗ್ಲಿಕನ್ ಚರ್ಚೇ ಆಗಿತ್ತು.

ಇನ್ನು ಪೂರ್ವ ಆಫ್ರಿಕದ ಕಡೆಗೆ ಬನ್ನಿ. ಟಾಂಜಾನಿಯಾಕ್ಕೆ ಸೇರಿದ ಜಂಜಿಬಾರ್ ದ್ವೀಪದ ಹಳೆಯ ಪೇಟೆಯ ಹೆಸರು ಸ್ಟೋನ್ ಟೌನ್. ಹವಳದ ಕಲ್ಲು ಮತ್ತು ಸುಣ್ಣದಿಂದ ಕಟ್ಟಿದ ಮನೆಗಳು, ಇಕ್ಕಟ್ಟಾದ ಓಣಿಗಳು, ಕೆತ್ತನೆಯ ಭಾರೀ ಬಾಗಿಲುಗಳು ಅಲ್ಲಿ ಇಂದಿಗೂ ಇವೆ. 2000ದಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಪೇಟೆಯನ್ನು ಬೆಳೆಸಿದ್ದು ಗಾಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಬೀಸುವ ಈಶಾನ್ಯ ಮಾರುತ ಅರಬ್ಬರ ಮತ್ತು ಕಚ್ಛ್‌ನ ಹಾಯಿಹಡಗುಗಳನ್ನು ಇಲ್ಲಿಗೆ ತರುತ್ತಿತ್ತು. ಏಪ್ರಿಲ್ ನಂತರದ ನೈಋತ್ಯ ಮಾರುತ ಅವನ್ನು ಮರಳಿ ಒಯ್ಯುತ್ತಿತ್ತು. ಒಮಾನ್‌ನ ಸುಲ್ತಾನ ಸಯ್ಯಿದ್ ಸಯೀದ್ 1840ರ ಹೊತ್ತಿಗೆ ಮಸ್ಕತ್‌ನಿಂದ ತನ್ನ ಆಸ್ಥಾನವನ್ನೇ ಇಲ್ಲಿಗೆ ತಂದ. ಲವಂಗ, ಆನೆದಂತ ಇಲ್ಲಿಂದ ಹೊರಟವು. ಅವುಗಳ ಜೊತೆಗೇ ಮನುಷ್ಯರ ಮಾರಾಟವೂ ನಡೆಯಿತು. ಬಂದರಿನ ಸುಂಕದ ಗುತ್ತಿಗೆ ದಶಕಗಳ ಕಾಲ ಕಚ್ಛ್ ಮೂಲದ ಜಯರಾಮ್ ಶಿವ್‌ಜಿ ಮನೆತನದ ಕೈಯಲ್ಲಿತ್ತು. ಒಳನಾಡಿನ ವ್ಯಾಪಾರಕ್ಕೆ ಭಾರತೀಯ ಸಾಹುಕಾರರ ಸಾಲ ಆಧಾರವಾಗಿತ್ತು. ಭಾರತದ ಓದುಗರಾದ ನಾವು ಈ ಸಂಗತಿಯನ್ನು ಮರೆಮಾಚದೆ ತಿಳಿದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚರ್ಚು ಬಂದದ್ದು ಆಮೇಲೆ. 1857ರಲ್ಲಿ ಆಫ್ರಿಕದ ಒಳನಾಡನ್ನು ಸುತ್ತಿ ಬಂದಿದ್ದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಕೇಂಬ್ರಿಡ್ಜ್‌ನಲ್ಲಿ ಮಾಡಿದ ಭಾಷಣದಿಂದ ಪ್ರೇರಣೆ ಪಡೆದು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳವರು ಮಧ್ಯ ಆಫ್ರಿಕಕ್ಕಾಗಿ ಒಂದು ಮಿಷನ್, ಅಂದರೆ ಧರ್ಮಪ್ರಚಾರ ಸಂಸ್ಥೆ, ಕಟ್ಟಿದರು. ಅದರ ಮೊದಲ ಬಿಷಪ್ ಮೆಕೆಂಜಿ 1862ರಲ್ಲಿ ಒಳನಾಡಿನಲ್ಲಿ ಜ್ವರದಿಂದ ತೀರಿಕೊಂಡರು. ಎರಡನೆಯವರಾದ ಟೋಜರ್ 1864ರಲ್ಲಿ ಮಿಷನ್ನಿನ ನೆಲೆಯನ್ನು ಜಂಜಿಬಾರ್‌ಗೆ ಬದಲಿಸಿದರು.

ಟೋಜರ್ ಜೊತೆ ಬಂದ ಎಡ್ವರ್ಡ್ ಸ್ಟಿಯರ್ ಅವರನ್ನು ನೀವು ವಿಶೇಷವಾಗಿ ನೆನಪಿಡಬೇಕು. ಅವರು ಜನರ ಮಾತಾದ ಸ್ವಾಹಿಲಿಯನ್ನು ಶ್ರದ್ಧೆಯಿಂದ ಕಲಿತು 1870ರಲ್ಲಿ ಅದರ ಕೈಪಿಡಿ ಪ್ರಕಟಿಸಿದರು. ಬೈಬಲಿನ ಅನುವಾದಕ್ಕೂ ದುಡಿದರು. 1873ರ ಜೂನ್‌ನಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಆಗಿನ ಸುಲ್ತಾನ ಬರ್ಘಶ್ ಗುಲಾಮರ ಸಂತೆಯನ್ನು ಮುಚ್ಚಿಸಿದಾಗ, ಮಿಷನ್ ಆ ಜಾಗವನ್ನೇ ಪಡೆಯಿತು. ಅದೇ ವರ್ಷದ ಕ್ರಿಸ್‌ಮಸ್ ದಿನ ಅಲ್ಲಿ ಕೆಥೆಡ್ರಲ್‌ಗೆ ಅಡಿಗಲ್ಲು ಬಿತ್ತು.

ಒಳಗೆ ಹೋದಾಗ ನಿಧಾನವಾಗಿ ನೋಡಿ. ತಲೆಯ ಮೇಲಿರುವುದು ಕಮಾನಿನಾಕಾರದ ಚಾವಣಿ. ಹವಳದ ಕಲ್ಲಿನ ಪುಡಿಗೆ ಸಿಮೆಂಟು ಬೆರೆಸಿ ಎರಕ ಹೊಯ್ದದ್ದು. ಮುಂದೆ ಬಲಿಪೀಠ, ಅಂದರೆ ಆರಾಧನೆಯ ಮುಖ್ಯ ವೇದಿಕೆ. ಅದರ ಮುಂದೆ ನೆಲದಲ್ಲಿ ಬಿಳಿ ಅಮೃತಶಿಲೆಯ ವೃತ್ತವೊಂದನ್ನು ಕೂರಿಸಿದ್ದಾರೆ. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಕಂಬ ಅಲ್ಲೇ ಇತ್ತೆಂದು ಹೇಳುತ್ತಾರೆ. ಬಲಿಪೀಠದ ಹಿಂದೆ, 1882ರಲ್ಲಿ ತೀರಿಕೊಂಡ ಸ್ಟಿಯರ್ ಅವರ ಸಮಾಧಿಯಿದೆ. ಗೋಡೆಯ ಬಳಿ ಮರದ ಶಿಲುಬೆಯೊಂದಿದೆ. ಲಿವಿಂಗ್‌ಸ್ಟನ್ ಅವರ ಹೃದಯವನ್ನು ಯಾವ ಮರದ ಬುಡದಲ್ಲಿ ಹೂತಿದ್ದರೋ ಆ ಮರದಿಂದ ಮಾಡಿದ್ದು. ಹೊರಗಿನ ಅಂಗಳದ ತಗ್ಗಿನಲ್ಲಿ, ಕೊರಳಿಗೆ ಸರಪಳಿ ಬಿಗಿದ ಐವರ ಪ್ರತಿಮೆಗಳಿವೆ. ಸ್ವೀಡನ್ನಿನ ಕಲಾವಿದೆ ಕ್ಲಾರಾ ಸೋರ್ನಾಸ್ ಇವನ್ನು 1998ರಲ್ಲಿ ರೂಪಿಸಿದರು. ನನ್ನ ಮಟ್ಟಿಗೆ ಇಡೀ ಆವರಣದಲ್ಲಿ ಅತ್ಯಂತ ಸತ್ಯವಾದ ಮಾತು ಹೇಳುವುದು ಈ ಪ್ರತಿಮೆಗಳೇ.

ಜಂಜಿಬಾರ್ ಸಭಾಪ್ರಾಂತ ಇಂದು ಟಾಂಜಾನಿಯಾದ ಆಂಗ್ಲಿಕನ್ ಸಭೆಗೆ ಸೇರಿದೆ. ದ್ವೀಪದ ಬಹುಪಾಲು ಜನ ಮುಸ್ಲಿಮರು, ಸಭಾಪ್ರಾಂತ ಚಿಕ್ಕದು.

ಕೊನೆಗೆ ಒಂದು ಎಚ್ಚರಿಕೆ. 1873ರಲ್ಲಿ ನಿಂತದ್ದು ಸಂತೆ ಮತ್ತು ಸಮುದ್ರದ ಮೇಲಿನ ಗುಲಾಮರ ಸಾಗಣೆಗೆ ಇದ್ದ ಅನುಮತಿ ಮಾತ್ರ. ಮನೆಗಳಲ್ಲಿ, ಲವಂಗದ ತೋಟಗಳಲ್ಲಿ ಗುಲಾಮಗಿರಿ ಮುಂದುವರಿಯಿತು. ಅದರ ಕಾನೂನು ಮಾನ್ಯತೆ ರದ್ದಾದದ್ದು 1897ರಲ್ಲಿ. ಈ ಕೆಥೆಡ್ರಲ್ ಬಗ್ಗೆ ಬೇರೆಯವರಿಗೆ ಹೇಳುವಾಗ ದಯವಿಟ್ಟು ಎರಡೂ ಇಸವಿಗಳನ್ನು ಹೇಳಿ.